ಎರಡು ಅಂಕದ ಪ್ರಶ್ನೆ

ಆಯನೂರಿನ ಆಚೆ, ಮುಳುಗಡೆಯವರ ಕ್ಯಾಂಪಿನ ಹೈಸ್ಕೂಲು.
ಒಂಬತ್ತನೇ ತರಗತಿ, ಊಟದ ನಂತರದ ಪಿರಿಯಡ್ಡು.
ಭೂಪಟಕ್ಕೆ ಮೊಳೆಯಿಲ್ಲ, ಇಬ್ಬರು ಹಿಡಿದು ನಿಂತಿದ್ದಾರೆ:
ಒಬ್ಬನ ಕೈಯಲ್ಲಿ ಗ್ರೀಸು, ಇನ್ನೊಬ್ಬನ ಕೈಯಲ್ಲಿ ಪರ್ಷಿಯ,
ನಡುವೆ ಇಲಿ ಕಡಿದ ಸಮುದ್ರ.

ಸೇತುವೆ ಮುರಿದದ್ದಕ್ಕೆ
ಸಮುದ್ರಕ್ಕೇ ಮುನ್ನೂರು ಛಡಿಯೇಟು ಹೊಡೆಸಿದ
ದೊರೆಯ ಕತೆ ಹೇಳಿದೆ. ನಕ್ಕರು.
ಬಿಸಿನೀರ ಬುಗ್ಗೆಯ ಮಗ್ಗುಲ ಇಕ್ಕಟ್ಟು ದಾರಿಯ ಕಾಳಗ ಹೇಳಿದೆ.
ಹುಲಿಕಲ್ ಘಾಟಿಯ ತಿರುವಲ್ಲಿ ಲಾರಿಗಳು ಎದುರಾದ ಹಾಗೆ ಅಂದೆ,
ಹಿಂದೆ ಸಾವಿರ ನಿಂತಿದ್ದರೂ
ಮೂತಿಗೆ ಮೂತಿ ತಾಗುವುದು ಒಂದೇ ಅಲ್ಲವಾ?
ತಿಳಿಯಿತು ಅವರಿಗೆ.
ಮೇಕೆ ಜಾಡು ತೋರಿಸಿಕೊಟ್ಟವನ ಹೆಸರು ಬೋರ್ಡಿನ ಮೇಲೆ ಬರೆದೆ.
ಯಾರ ನಾಲಿಗೆಯಲ್ಲೂ ಹೊರಳಲಿಲ್ಲ.
ಪಕ್ಕದಲ್ಲಿ ಬರೆದೆ: ದ್ರೋಹಿ.

ಅದಕ್ಕೂ ಮೊದಲು, ಆ ದೊರೆಯ ಅಪ್ಪನ ಕಾಲಕ್ಕೆ,
ದೂತರು ಊರೂರು ತಿರುಗಿದ್ದರು.
ಹೊನ್ನು ಕೇಳಲಿಲ್ಲ. ಹಿಡಿ ಮಣ್ಣು, ಗಿಂಡಿ ನೀರು.
ಕೊಟ್ಟರೆ ಊರು ದೊರೆಯದು ಅಂತ ಲೆಕ್ಕ.
ಕೊಟ್ಟ ಊರು ಬಹಳ, ಪುಸ್ತಕದಲ್ಲಿ ಅವಕ್ಕೆ ಅರ್ಧ ಸಾಲು.
ಸ್ಪಾರ್ಟಾದವರು ಮಾತ್ರ ದೂತರನ್ನು ಎತ್ತಿ ಬಾವಿಗೆ ಹಾಕಿದರು:
ಎರಡೂ ಅಲ್ಲೇ ಇದೆ, ಬೇಕಾದಷ್ಟು ತಕ್ಕೊಳ್ಳಿ!

ಚಪ್ಪಾಳೆಗೆ ಭೂಪಟ ಕೈಜಾರಿತು.
ಗದ್ದಲ ಇಳಿದ ಮೇಲೆ ಹಿಂದಿನ ಬೆಂಚಿನಿಂದ ಟೀಕಪ್ಪ ಎದ್ದ:
"ಸರ್, ನಮ್ಮಜ್ಜ ಬಾವಿಗೆ ನೂಕಲಿಲ್ಲ.
ಮಜ್ಜಿಗೆ ಕೊಟ್ಟರಂತೆ."
ಯಾರಿಗೋ?
"ಅಳೆಯೋ ಚೈನು ಹಿಡ್ಕೊಂಡು ಬಂದೋರಿಗೆ.
ಕಾಡೊಳಗೆ ದಾರಿ ತೋರಿಸಿದ್ದೂ ಅಜ್ಜನೇ.
ದಿನಕ್ಕೆ ಒಂದೂವರೆ ರೂಪಾಯಿ."
ಕೂತ.

ಗಂಟೆ ಹೊಡೆದ ಮೇಲೆ ಬೋರ್ಡು ಒರೆಸಿದೆ.
ಊರು, ಇಸವಿ, ದೊರೆ ಎಲ್ಲ ಹೋಯಿತು,
ಆ ಒಂದು ಪದ ಮಾತ್ರ ಬೆಳ್ಳಗೆ ಓದಿಸಿಕೊಳ್ಳುತ್ತಿತ್ತು.
ಒದ್ದೆ ಬಟ್ಟೆ ತರಿಸಿದೆ.

ಭಾನುವಾರ ಕ್ಯಾಂಪಿಗೆ ಹೋದೆ. ಕನ್ನಪ್ಪ
ಶೀಟಿನ ಮಾಡಿನ ಕೆಳಗೆ ಕತ್ತಿಯ ಹಿಡಿ ಕೆತ್ತುತ್ತಿದ್ದ.
"ಬಿಗಿಯಾಗಿ ಹಿಡಿ ಅಂದ್ರು, ಹಿಡಿದೆ.
ನಮ್ಮ ಕೊಟ್ಟಿಗೆ ಎಷ್ಟು ಕೊಂಡಿ ಅಂತ
ನಾನೇ ಎಣಿಸಿ ಹೇಳಿದೆ ಮೇಷ್ಟ್ರೇ.
ಬಾವುಟ ಕೆಂಪಿತ್ತು. ಯಾವುದೋ ಹಬ್ಬ ಅಂತ
ಹುಡುಗ್ರು ಹಿಂದೆ ಹಿಂದೆ ಬಂದ್ವು."

ಏನಾದರೂ ಹೇಳಬೇಕಲ್ಲ, ಹೇಳಿದೆ:
ಅಥೆನ್ಸಿನವರೂ ಮನೆಮಠ ಬಿಟ್ಟು ಹಡಗು ಹತ್ತಿದ್ದರು,
ಗೆದ್ದು ವಾಪಸು ಬಂದರೆ ಗೋಡೆಯೆಲ್ಲ ಸುಟ್ಟು ಕರಕಲು.
ಅವನು ಕತ್ತಿ ತಿರುಗಿಸಿ ನೋಡಿದ.
"ಗೋಡೆ ಇತ್ತಲ್ಲ," ಅಂದ.

ಅರ್ಧ ವಾರ್ಷಿಕ ಪರೀಕ್ಷೆಗೆ ನಾನೇ ಪ್ರಶ್ನೆ ಹಾಕಿದ್ದೆ:
ದೂತರು ಏನನ್ನು ಕೇಳಿದರು?
ಟೀಕಪ್ಪನ ಉತ್ತರ: ಮಣ್ಣು, ನೀರು. ಕೊಟ್ಟೆವು.
ಎರಡಕ್ಕೆ ಎರಡು ಹಾಕಿ
ಕೆಂಪು ಪೆನ್ನು ಮುಚ್ಚಳ ಮುಚ್ಚದೆ ಕೂತಿದ್ದೆ ತುಸು ಹೊತ್ತು.

ಮೇ ತಿಂಗಳಲ್ಲಿ ಹಿನ್ನೀರು ಇಳಿಯಿತು.
ಟೀಕಪ್ಪ, ಅವನಜ್ಜ, ನಾನು, ಎರಡು ಬಸ್ಸು ಬದಲಿಸಿ ಹೋದೆವು.
ಬಿರಿದ ಕೆಸರು, ಇದ್ದಿಲಿನಂಥ ಬೊಡ್ಡೆಗಳು.
ಮುದುಕ ನೆಟ್ಟಗೆ ನಡೆಯಲಿಲ್ಲ,
ನಮಗೆ ಕಾಣದ ಬದುವಿನ ಮೇಲೇ
ಬಳಸಿ ಬಳಸಿ ಹೆಜ್ಜೆಯಿಟ್ಟ,
ಇಲ್ಲಿ ತೋಡು ಅಂತ ಪಂಚೆ ಎತ್ತಿ ದಾಟಿದ.

ಬಾವಿಯ ಜಂಬಿಟ್ಟಿಗೆ ಕಟ್ಟೆ ಉಳಿದಿತ್ತು.
ಒಳಗೆ ಮುಕ್ಕಾಲು ಹೂಳು, ಮೇಲೆ ಅಂಗೈಯಗಲ ನೀರು.
ಮೊಮ್ಮಗ ಕತೆ ಹೇಳಿಬಿಟ್ಟಿದ್ದನೋ ಏನೋ,
ಕನ್ನಪ್ಪ ಮಂಡಿಯೂರಿ ಬಗ್ಗಿದ,
ಬಾಯಿಗೆ ಕೈ ಅಡ್ಡ ಹಿಡಿದು
ಆಳದಲ್ಲಿದ್ದವರಿಗೆ ಕೇಳಿಸುವ ಹಾಗೆ ಕೂಗಿದ:

"ಸಾಕಾಯ್ತೇನ್ರೋ?"